ಜೇಬಿನಲ್ಲಿ ಹೋಗುತ್ತಿದ್ದ ಫ್ಯೂಸು

ಕಳೆದ ತಿಂಗಳು ಹೊನ್ನೂರಿನ ಮನೆಯೊಂದರಲ್ಲಿ ಹಳೇ ಮೀಟರ್ ಬೋರ್ಡಿನ ಪಿಂಗಾಣಿ ಫ್ಯೂಸು ಕಿತ್ತು ಹೊಸ ಬ್ರೇಕರ್ ಕೂರಿಸುತ್ತಿದ್ದೆ. ಫ್ಯೂಸು ಅಂಗೈಯಲ್ಲಿ ತಣ್ಣಗೆ ಕುಳಿತಿತ್ತು. ಐದಾರು ವರ್ಷದ ಹಿಂದೆ ಕೊಳ್ಳೇಗಾಲದ ನಮ್ಮ ಎದುರುಮನೆಯಲ್ಲಿದ್ದ ಅಕ್ಕ ನೆನಪಾದರು...

ನಮ್ಮದು ರೇಷ್ಮೆ ನೇಯುವವರ ಬೀದಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಬೆಳಕು ಬರುವುದು ಮುಂದಿನ ಕಿಟಕಿಯೊಂದರಿಂದ. ಅಕ್ಕನ ಗಂಡ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವರನ್ನು ಒಳಗೇ ಬಿಟ್ಟು ಬಾಗಿಲಿಗೆ ಬೀಗ ಹಾಕುತ್ತಿದ್ದ. "ಮನೇಲಿ ರೇಷ್ಮೆ ಅದೆ, ಕಳ್ರ ಕಾಟ" ಎನ್ನುತ್ತಿದ್ದ. ಬೀದಿಯವರೆಲ್ಲ ನಂಬಿದಂತೆ ಇದ್ದೆವು.

ಬೇಸಿಗೆಯ ಒಂದು ಮಧ್ಯಾಹ್ನ ಅಕ್ಕ ಕಿಟಕಿಯಿಂದ ಕೂಗಿದರು. "ಅಣ್ಣಾ, ನಿಮ್ಮನೇಲೂ ಕರೆಂಟಿಲ್ವಾ? ನಮ್ಮಲ್ಲಿ ದಿನಾ ಇವ್ರು ಕೆಲ್ಸಕ್ಕೋದ್ಮೇಲೆ ನಿಂತೋಯ್ತದೆ."

ಅವರ ಜಗುಲಿಯ ಮೀಟರ್ ಬೋರ್ಡು ನೋಡಿದೆ. ಫ್ಯೂಸು ಸುಟ್ಟಿರಲಿಲ್ಲ, ಅದರ ಜಾಗವೇ ಖಾಲಿಯಿತ್ತು. ಹೇಗೆ ಹೇಳುವುದೆಂದು ತಿಳಿಯದೆ ನನ್ನ ಕೆಲಸದ ಮಾತಾಡಿದೆ. ಕರೆಂಟು ಒಂದು ತಂತಿಯಲ್ಲಿ ಬಂದು, ಸ್ವಿಚ್ಚು ಬಲ್ಬು ದಾಟಿ, ಇನ್ನೊಂದು ತಂತಿಯಲ್ಲಿ ವಾಪಸು ಹೋಗಬೇಕು. ದಾರಿ ಎಲ್ಲಿ ಕಡಿದರೂ ನಿಲ್ಲುತ್ತದೆ. ಸ್ವಿಚ್ಚು ಆರಿಸಿದರೆ ಒಂದು ದೀಪ ಆರುತ್ತದೆ, ಇಲ್ಲಿಯ ಫ್ಯೂಸು ಕಿತ್ತರೆ ಇಡೀ ಮನೆ. ಅದರೊಳಗಿನ ತೆಳು ತಂತಿ ಇರುವುದು, ಕರೆಂಟು ಮಿತಿಮೀರಿದಾಗ ಮೊದಲು ತಾನು ಕರಗಿ, ಮನೆಗೆ ಬೆಂಕಿ ಬೀಳದಂತೆ ಕಾಯಲಿಕ್ಕೆ...

ಅಕ್ಕ ಕಿಟಕಿಗೆ ಮುಖ ತಂದು ಬೋರ್ಡಿನ ಕಡೆ ನೋಡಿದರು. "ಹಂಗಾರೆ ಇವ್ರೇ ಜೇಬಲ್ಲಿ ಮಡಿಕಂಡು ಓಯ್ತಾವ್ರೆ. ನಾನು ಫೋನ್ ಚಾರ್ಜಿಗೆ ಆಕ್ಬಾರ್ದು, ಯಳಂದೂರಲ್ಲಿರೋ ನಮ್ಮಕ್ಕನ್ ಜೊತೆ ಮಾತಾಡ್ಬಾರ್ದು ಅಂತ. ಸಂಜೆ ಇವ್ರ ಎದ್ರುಗೆ ಫೋನ್ ಮುಟ್ಟಂಗಿಲ್ಲ."

ನನ್ನ ಚೀಲದಲ್ಲಿ ಒಂದು ಫ್ಯೂಸಿತ್ತು. ಮೇನ್ ಸ್ವಿಚ್ಚು ಇಳಿಸಿ ಅದನ್ನು ಸಿಕ್ಕಿಸಿ ಮತ್ತೆ ಏರಿಸಿದೆ. ಒಳಗೆ ಫ್ಯಾನು ತಿರುಗಿದ ಸದ್ದಾಯಿತು. ಬಾಗಿಲ ಬೀಗದ ಮಾತು ಇಬ್ಬರೂ ಎತ್ತಲಿಲ್ಲ.

ಅಂದಿನಿಂದ ದಿನಾ ಅವರ ಗಂಡ ಹೋದ ಮೇಲೆ ಫ್ಯೂಸು ಹಾಕುತ್ತಿದ್ದೆ, ಅವನು ಬರುವ ಮುಂಚೆ ತೆಗೆಯುತ್ತಿದ್ದೆ. ಕಿಟಕಿಯಿಂದ ಅಕ್ಕ ಫೋನಿನಲ್ಲಿ ನಗುವುದು ಒಮ್ಮೊಮ್ಮೆ ಕೇಳುತ್ತಿತ್ತು. ಒಂದು ದಿನ ಸತ್ತೇಗಾಲದಲ್ಲಿ ಕೆಲಸ ಮುಗಿಸಿ ನಿಂತರೆ ಬಸ್ಸು ಬರಲಿಲ್ಲ. ಮನೆ ಮುಟ್ಟುವಾಗ ಅವನು ಜಗುಲಿಯಲ್ಲಿ ನನ್ನ ಫ್ಯೂಸು ಹಿಡಿದು ನಿಂತಿದ್ದ.

"ನೀನೇನ್ಲಾ ಇದ ಆಕಿದ್ದು?"

"ನಂಗೊತ್ತಿಲ್ಲ ಕಣಣ್ಣ" ಎಂದೆ.

ಕಿಟಕಿಯ ಹಿಂದೆ ಅಕ್ಕ ಕೇಳಿಸಿಕೊಳ್ಳುತ್ತಿದ್ದರು. ಆ ಸಂಜೆ ಅವರ ಮನೆಯಿಂದ ಬಂದ ಏಟಿನ ಸದ್ದು ಕೇಳದಿರಲೆಂದು ನಾನು ಟಿವಿಯ ಸೌಂಡು ಜಾಸ್ತಿ ಮಾಡಿದೆ.

ಮರುದಿನ ಅವನು ಒಂದು ಕಬ್ಬಿಣದ ಪೆಟ್ಟಿಗೆ ತಂದ. ಬೋರ್ಡಿನ ಮೇಲೆ ಇದನ್ನು ಕೂರಿಸಿ ಬೀಗ ಹಾಕುವಂತೆ ಮಾಡಿಕೊಡು ಎಂದ. ಆಗುವುದಿಲ್ಲ ಎಂದರೆ ಫ್ಯೂಸು ಹಾಕಿದ್ದು ನಾನೇ ಎಂದು ಗೊತ್ತಾಗುತ್ತಿತ್ತು. ಗೋಡೆ ಕೊರೆದು ನಾಲ್ಕು ಸ್ಕ್ರೂ ಬಿಗಿದೆ. ಅಕ್ಕ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದರು. ನಾನು ತಲೆ ಎತ್ತಲಿಲ್ಲ...

ಎಂಟೊಂಬತ್ತು ದಿನ ತಂಗಿ ಫೋನಿಗೆ ಸಿಗದಿದ್ದಾಗ ಯಳಂದೂರಿನ ಅವರ ಅಕ್ಕ, ಸಂಬಂಧಿಕರಿಬ್ಬರನ್ನು ಕರೆದುಕೊಂಡು ಆಟೋದಲ್ಲಿ ಬಂದಿಳಿದರು. ಬಾಗಿಲ ಬೀಗ ಕುಯ್ಯಲು ಏನಾದರೂ ಇದೆಯೇ ಎಂದು ನಮ್ಮ ಬಾಗಿಲು ಬಡಿದರು. ಗರಗಸ ಹಿಡಿದು ಹೋಗಿ ನಾನೇ ಕುಯ್ದೆ. ಅಕ್ಕ ಒಂದು ಚೀಲ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಬಂದರು. ಆಟೋ ಹತ್ತುವ ಮೊದಲು ನನ್ನ ಹತ್ತಿರ ನಿಂತರು.

"ಇದ ಆವತ್ತೇ ಕುಯ್ಬೋದಿತ್ತು ಅಲ್ವಾ ಅಣ್ಣ?"

ಆಟೋ ಹೊರಟಿತು.

ಕಳೆದ ತಿಂಗಳ ಆ ಹೊನ್ನೂರಿನ ಕೆಲಸ ಮುಗಿದ ಮೇಲೆ, ತಪ್ಪಾಯಿತೆಂದು ಈಗಲಾದರೂ ಅಕ್ಕನಿಗೆ ಹೇಳೋಣವೆಂದು ಯಳಂದೂರಿಗೆ ಹೋಗಿ ಮನೆ ಹುಡುಕಿದೆ. ಬಾಗಿಲು ತೆಗೆದದ್ದು ಅವರ ಅಕ್ಕ. ತಂಗಿ ಹೊಲಿಗೆ ಕಲಿತು ಅಂಗಡಿ ಇಟ್ಟಿದ್ದಳೆಂದೂ, ಹೋದ ವರ್ಷ ಜ್ವರ ಬಂದು ತೀರಿಕೊಂಡಳೆಂದೂ ಹೇಳಿದರು. ಮೊದಲಿಗೆ ಅವರಿಗೆ ನನ್ನ ಗುರುತು ಸಿಕ್ಕಿರಲಿಲ್ಲ, ಯಾರೆಂದು ತಿಳಿದಾಗ ಕೈಮುಗಿದರು.

"ನೀವಾ? ದಿನಾ ಯೋಳೋಳು ಕಣಣ್ಣ. ಎದ್ರುಮನೆ ಅಣ್ಣ ಕರೆಂಟು ಕೊಡ್ತಿದ್ರು ಅಂತ."

ಪೆಟ್ಟಿಗೆ ಕೂರಿಸಿದ್ದೂ ನಾನೇ ಎಂದು ಅಕ್ಕ ಅವರಿಗೆ ಹೇಳಿರಲಿಲ್ಲ. ಅವರು ಕೊಟ್ಟ ಕಾಫಿ ಕುಡಿದೆ. ನಾನೂ ಹೇಳಲಿಲ್ಲ.