ಈರಣ್ಣನವರ ಹೆಸರಿನ ರಕ್ತ

ಈರಣ್ಣನವರು ವೈರನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಜಪಮಣಿ ಎಣಿಸುವವರ ಹಾಗೆ ಮೆಲ್ಲಗೆ ಸರಿಸುತ್ತಾ ಹೋಗುತ್ತಿದ್ದರು. ಬೆರಳು ಒಂದು ಕಡೆ ನಿಂತಿತೆಂದರೆ ಅಲ್ಲೇ ಒಳಗಿನ ತಾಮ್ರದ ಎಳೆ ಮುರಿದಿದೆ ಎಂದರ್ಥ. ಆಮೇಲೆ ಮೀಟರು ಹಚ್ಚಿ ನೋಡುವುದು ಬರೀ ಶಾಸ್ತ್ರಕ್ಕೆ. ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ಉಪಕರಣಗಳಿಗೆ ವೈರು ಕಟ್ಟುವ ಬೆಂಚಿನ ಮೇಲೆ ಕಿಟಕಿಯ ಪಕ್ಕದ ಜಾಗ ಅವರದು, ಎದುರಿನದು ನನ್ನದು.

ಅವರು ಬಾಗಲಕೋಟೆ ಕಡೆಯವರು, ನಾನು ಹಾಸನದವನು. ಇಬ್ಬರ ಮನೆಯೂ ಮಲ್ಕಾಜ್‌ಗಿರಿಯ ಒಂದೇ ಗಲ್ಲಿಯಲ್ಲಿ. ಹೊರಗೆ ತೆಲುಗು, ಹಿಂದಿ ಆಡಿ ದಣಿದ ನಾಲಗೆಗೆ ಕಾರ್ಖಾನೆಯ ಬಸ್ಸಿನಲ್ಲಿ ನಮ್ಮಿಬ್ಬರ ಕನ್ನಡವೇ ವಿಶ್ರಾಂತಿ. ನಾನು "ಹೋಗ್ತಾ ಇದೀನಿ" ಎಂದರೆ ಸಾಕು, ನಗುತ್ತಿದ್ದರು. "ಹೋಗಾಕತ್ತೀನಿ ಅನ್ನು ತಮ್ಮಾ, ಲಗೂ ಮುಟ್ಟತಿ." ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಹೆಂಡದ ವಾಸನೆ ಬಂದರೆ ಆ ಕಡೆಯ ಸೀಟಿನಲ್ಲೂ ಕೂರುತ್ತಿರಲಿಲ್ಲ.

ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು. ನಾನು ಹುಟ್ಟು ಹೆದರುಪುಕ್ಕಲ. ಪತ್ರಿಕೆಯ ಆರೋಗ್ಯ ಅಂಕಣದಲ್ಲಿ ಯಾವ ರೋಗದ ಬಗ್ಗೆ ಬರೆದರೂ ಸಂಜೆಯೊಳಗೆ ಅದು ನನಗೆ ಬಂದಿರುತ್ತಿತ್ತು. ಗರ್ಭಕೋಶದ ಕಾಯಿಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಆಗಿಹೋಗಿದೆ ಎಂದು ನನ್ನ ಹೆಂಡತಿ ನೆಂಟರ ಮುಂದೆ ಹೇಳುತ್ತಿದ್ದಳು. ಬೆಂಚಿನವರೂ ನಗುತ್ತಿದ್ದರು. ನಗದೆ ಕೇಳುತ್ತಿದ್ದವರು ಈರಣ್ಣನವರೊಬ್ಬರೇ. "ಮುಂದ? ನೋವು ಎಡಕ್ಕೋ ಬಲಕ್ಕೋ?" ಎಂದು ಕೆಲಸ ನಿಲ್ಲಿಸಿ ವಿಚಾರಿಸುತ್ತಿದ್ದರು. ಭಯವನ್ನು ಇಷ್ಟು ಮರ್ಯಾದೆಯಿಂದ ಕೂರಿಸಿ ಮಾತಾಡಿಸುವವರು ಸಿಕ್ಕರೆ ಯಾರು ತಾನೇ ಬಿಟ್ಟಾರು? ನಾನಂತೂ ಅವರಿಗೆ ಅಂಟಿಕೊಂಡುಬಿಟ್ಟೆ.

ವರ್ಷಕ್ಕೊಮ್ಮೆ ಕಾರ್ಖಾನೆಯ ಆಸ್ಪತ್ರೆಯಲ್ಲಿ ಎಲ್ಲರ ರಕ್ತಪರೀಕ್ಷೆ. ಹೆಸರಿನ ಚೀಟಿ ಕೊಟ್ಟು ತೋಳು ಚಾಚಿದರೆ ಮುಗಿಯಿತು. ಆ ನೂಕುನುಗ್ಗಲಿನಲ್ಲಿ ಚೀಟಿಗೂ ಮುಖಕ್ಕೂ ತಾಳೆ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಒಂದು ವರ್ಷ ಈರಣ್ಣನವರು ತಮ್ಮ ಚೀಟಿಯನ್ನು ನನ್ನ ಮುಂದೆ ಸರಿಸಿದರು.

"ಸೂಜಿ ಕಂಡ್ರ ನನಗ ಚಕ್ಕರ್ ಬರ್ತೈತಿ ತಮ್ಮಾ. ಅಷ್ಟು ಮಂದ್ಯಾಗ ಬಿದ್ರ ಏನು ಮರ್ಯಾದಿ ಉಳೀತು? ಮಧ್ಯಾಹ್ನ ಹೋಗಿ ನಂದೂ ನೀನಽ ಕೊಟ್ಟು ಬಾ. ನಿನಗೂ ಛಲೋ. ಎರಡು ಸಲ ಟೆಸ್ಟ್ ಆಗ್ತೈತಿ, ಒಂದು ತಪ್ಪಿದ್ರ ಇನ್ನೊಂದು ಹೇಳ್ತೈತಿ."

ಬೇರೆ ಯಾರಾದರೂ ಇದು ಕಳ್ಳ ಕೆಲಸ ಎನ್ನುತ್ತಿದ್ದರು. ನನಗೆ ಮಾತ್ರ ಹಬ್ಬದ ಊಟಕ್ಕೆ ಎರಡನೆಯ ಪಂಕ್ತಿಯಲ್ಲೂ ಕರೆದಷ್ಟು ಸಂತೋಷವಾಯಿತು. ಬೆಳಿಗ್ಗೆ ನನ್ನ ಹೆಸರಿನಲ್ಲಿ ಬಲತೋಳು, ಮಧ್ಯಾಹ್ನ ಅವರ ಹೆಸರಿನಲ್ಲಿ ಎಡತೋಳು. ವರದಿ ಬಂದಾಗ ಇಬ್ಬರೂ ಪಕ್ಕಪಕ್ಕ ಇಟ್ಟುಕೊಂಡು ಅಂಕಿ ಹೋಲಿಸುತ್ತಿದ್ದೆವು. ಒಂದು ಸಲ ಅವರ ಹೆಸರಿನ ವರದಿಯಲ್ಲಿ ಲಿವರಿನ ಅಂಕಿ ನನ್ನದಕ್ಕಿಂತ ಕೊಂಚ ಹೆಚ್ಚಿತ್ತು. ಇವೆರಡರಲ್ಲಿ ನಿಜವಾದ ನಾನು ಯಾವುದು ಎಂದು ಒಂದು ವಾರ ಅನ್ನ ಸೇರಲಿಲ್ಲ. "ನಡುವ ಕ್ಯಾಂಟೀನಿನ ಮಿರ್ಚಿ ತಿಂದಿದ್ದಿ. ಲಿವರ್ ಸಿಟ್ಟಿಗೆದ್ದೈತಿ, ಅಷ್ಟಽ," ಎಂದು ಸಮಾಧಾನ ಮಾಡಿದರು. ಹೀಗೆ ನಾಲ್ಕು ವರ್ಷ ನಡೆಯಿತು.

ಆ ವರ್ಷಗಳಲ್ಲಿ ಅವರು ಬೂದುಬಣ್ಣದ ಗಾಜಿನ ಕನ್ನಡಕ ಹಾಕತೊಡಗಿದ್ದರು. ಕಿಟಕಿಯ ಬೆಳಕು ಕಣ್ಣು ಚುಚ್ಚುತ್ತದೆ ಎಂದಿದ್ದರು. ಕೋಟಿ ಬಜಾರಿಗೆ ಹೋಗಿ ಫ್ರೇಮು ಆರಿಸಿಕೊಟ್ಟವನು ನಾನೇ. ಪಾದ ಊದಿ ಚಪ್ಪಲಿ ಒಂದು ಅಳತೆ ದೊಡ್ಡದಾಯಿತು. ಬೆಂಚು ಹಿಡಿಯದೆ ಎದ್ದರೆ ತಲೆ ಸುತ್ತುತ್ತಿತ್ತು. ನಾನು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ರೆಪ್ಪೆ ಎಳೆದು ನನ್ನ ಕಣ್ಣು ಹಳದಿಯಾಗಿದೆಯೇ ಎಂದು ಪರೀಕ್ಷಿಸಿಕೊಂಡು, ಹೋಗಿ ಅವರ ಎದುರು ಕೂರುತ್ತಿದ್ದೆ.

ಒಂದು ಬೇಸಿಗೆಯ ಬೆಳಿಗ್ಗೆ ಬಸ್ಸಿನಲ್ಲಿ ಈರಣ್ಣನವರು ರಕ್ತ ಕಾರಿಕೊಂಡರು. ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಓಡಿದೆ. ಹಿಂದೆಯೇ ಅವರ ಹೆಂಡತಿ ನೀಲಮ್ಮ ಒಂದು ಪ್ಲಾಸ್ಟಿಕ್ ಚೀಲ ಎದೆಗೊತ್ತಿಕೊಂಡು ಬಂದರು. ಅದರ ತುಂಬ ರಕ್ತದ ವರದಿಗಳು. ದಿಲ್‌ಸುಖ್‌ನಗರದ ಯಾವುದೋ ಸಣ್ಣ ಲ್ಯಾಬಿನವು. ಮೂರು ತಿಂಗಳಿಗೊಂದರಂತೆ, ಐದು ವರ್ಷದವು.

"ಸೂಜಿಗೆ ಹೆದರ್ತಾರಲ್ಲಮ್ಮ ಅವರು?" ಎಂದೆ.

ನೀಲಮ್ಮ ನನ್ನನ್ನೇ ನೋಡಿದರು. "ಯಾರ್ರಿ, ಇವ್ರಾ? ಎಲ್ಲಿ ಚುಚ್ಚಬೇಕಂತ ನರ್ಸಿಗೆ ತಾವಽ ತೋರಸ್ತಾರ. ನಿಮಗ ಎಲ್ಲಾ ಗೊತ್ತೈತಲ್ಲರೀ? ಲ್ಯಾಬಿಗೆ ನಿಮ್ಮನ್ನ ಕರ್ಕೊಂಡು ಹೋಗ್ತೀನಿ, ದೊಡ್ಡ ಡಾಕ್ಟರಿಗೂ ನೀವಽ ತೋರ್ಸೀರಿ ಅಂತ ಹೇಳ್ತಿದ್ರು. ಅದಕ್ಕಽ ನಾನು ಧೈರ್ಯದಿಂದ ಇದ್ದೆ."

ದೊಡ್ಡ ಡಾಕ್ಟರಿಗೆ ಅವರು ತೋರಿಸಿಯೇ ಇರಲಿಲ್ಲ. ಯಾರೋ ಕೊಟ್ಟ ಸೊಪ್ಪಿನ ರಸ ಕುಡಿಯುತ್ತಾ, ಲ್ಯಾಬಿನಲ್ಲಿ ಅಂಕಿ ಏರುವುದನ್ನು ನೋಡುತ್ತಾ ಐದು ವರ್ಷ ಕಳೆದಿದ್ದರು. ಎಂದೋ ಮೈಗೆ ಹೊಕ್ಕ ಕಾಮಾಲೆಯ ವೈರಸ್ಸು ಲಿವರನ್ನು ಗಂಟುಗಂಟಾಗಿಸಿತ್ತು.

"ಇಷ್ಟಾದರೂ ನೋವೇ ಬರಲಿಲ್ಲವೇ?" ಎಂದು ವಾರ್ಡಿನ ಕಿರಿಯ ಡಾಕ್ಟರನ್ನು ಕೇಳಿದೆ. ಅವರು ಒಂದು ವರದಿಯ ಬೆನ್ನಿಗೆ ಚಿತ್ರ ಬರೆದು ಹಿಂದಿಯಲ್ಲಿ ವಿವರಿಸಿದರು: ಲಿವರಿನ ಹೊರಗಿನ ಹೊದಿಕೆಗೆ ನೋವು ಗೊತ್ತು, ಒಳಗಿನ ಮಾಂಸಕ್ಕೆ ಗೊತ್ತಿಲ್ಲ. ಒಳಗೂ ಸಣ್ಣ ನರಗಳಿವೆ, ಆದರೆ ಅವುಗಳ ಕೆಲಸ ಬೇರೆ. ರಕ್ತದ ಓಟ, ಸಕ್ಕರೆ ನೋಡಿಕೊಳ್ಳುವುದು. ರೋಗ ಹಳತಾದಾಗ ಮಾಂಸ ಸತ್ತು, ಮತ್ತೆ ಗಂಟುಗಳಾಗಿ ಬೆಳೆಯುತ್ತದೆ. ಆ ಹೊಸ ಗಂಟುಗಳೊಳಗೆ ನರಗಳು ಹೋಗುವುದಿಲ್ಲ. ಗಂಟುಗಳ ನಡುವಿನ ಗಾಯದ ಗೋಡೆಗಳಲ್ಲೇ ಉಳಿದುಬಿಡುತ್ತವೆ.

ಮಲಗಿದ್ದ ಈರಣ್ಣನವರು ಕೈಚಾಚಿ ಆ ಕಾಗದ ಇಸಿದುಕೊಂಡರು. ಗೆರೆಯ ಮೇಲೆ ಬೆರಳಾಡಿಸಿದರು.

"ಹೊಸಾ ಗಂಟಿಗೆ ಕನೆಕ್ಷನ್ನಽ ಕೊಟ್ಟಿಲ್ಲ. ನನ್ನ ಬೆಂಚಿಗೆ ಬಂದಿದ್ರ ಇಂಥಾ ಪೀಸ್ ಪಾಸ್ ಮಾಡ್ತಿದ್ದಿಲ್ಲ ನೋಡು."

ನಾನು ಅದನ್ನು ಹಿಂದಿಯಲ್ಲಿ ಹೇಳಿದಾಗ ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ನಾಲ್ಕು ಸಲ ಪಾಸು ಮಾಡಿಸಿದವನು ನಾನು. ಪರೀಕ್ಷೆಯಲ್ಲಿ ರೋಗ ಸಿಕ್ಕಿಬಿದ್ದಿದ್ದರೆ ಕಾರ್ಖಾನೆಯವರೇ ಬಲವಂತವಾಗಿ ಇಲ್ಲಿಗೆ ಕಳಿಸುತ್ತಿದ್ದರು.

ಡಾಕ್ಟರು ಆಚೆ ಹೋದ ಮೇಲೆ ಕೇಳಿದೆ. "ಯಾಕೆ ಹೀಗೆ ಮಾಡಿದಿರಿ?"

"ಲಿವರ್ ಕೆಟ್ಟೈತಿ ಅಂದ್ರ ಮಂದಿ ಏನಂತಾರ? ವಿಭೂತಿ ಹಚ್ಚಿಕೊಂಡು ಕಳ್ಳತನದಿಂದ ಕುಡದಾನ ಅಂತಾರ. ಬೆಂಚ್ ಬಿಡಿಸಿ ಸ್ಟೋರಿಗೆ ಹಾಕತಾರ. ಅಲ್ಲಿ ಕುಂತು ಏನ್ ಮಾಡ್ಲಿ?"

"ನನಗಾದರೂ ಹೇಳಬಹುದಿತ್ತಲ್ಲ?"

"ನಿನಗ ಹೇಳಿದ್ರ ಮರುದಿನ ನಿನಗೂ ಇದಽ ಜಡ್ಡು ಬರ್ತಿತ್ತು."

"ತಮಾಷೆ ಬೇಡ ಈರಣ್ಣ. ಅಷ್ಟು ಜನ ಇದ್ದರು. ನನ್ನನ್ನೇ ಯಾಕೆ ಹಿಡಿದಿರಿ?"

"ಹೆದರೋ ಮನಷಾ ತನ್ನ ಬಿಟ್ಟು ಯಾರನ್ನೂ ನೋಡಾಂಗಿಲ್ಲ ತಮ್ಮಾ. ಅದಕ್ಕ."

ನಾನು ಎದ್ದು ಬಂದುಬಿಟ್ಟೆ. ಅಷ್ಟು ವರ್ಷ ನನ್ನ ಭಯದ ಕಥೆಗಳನ್ನು ಕೂತು ಕೇಳಿದ್ದು ಇದಕ್ಕಾಗಿಯೇ? ಒಳ್ಳೆಯ ವೈರು ಆರಿಸುವ ಹಾಗೆ ನನ್ನನ್ನು ಬೆರಳಲ್ಲಿ ಹಿಡಿದು ನೋಡಿ ಆರಿಸಿಕೊಂಡಿದ್ದರೇ? ಎಂಟು ದಿನ ಆ ಕಡೆ ತಲೆ ಹಾಕಲಿಲ್ಲ. ಬಸ್ಸಿನಲ್ಲಿ, ಬಚ್ಚಲಲ್ಲಿ, ಬೆಂಚಿನಲ್ಲಿ ಅವರಿಗೆ ಕೊಡಬೇಕಾದ ಉತ್ತರವನ್ನೇ ಕಟ್ಟುತ್ತಿದ್ದೆ. ಚೆನ್ನಾಗಿಯೇ ಬಂದಿತ್ತು. ಒಂದೆರಡು ಕಡೆ ನನಗೇ ಕಣ್ಣು ತುಂಬುತ್ತಿತ್ತು.

ಒಂಬತ್ತನೆಯ ದಿನ, ಭಾನುವಾರ, ಆ ಉತ್ತರ ಹೊತ್ತುಕೊಂಡು ಹೋದೆ. ನೀಲಮ್ಮ ಬಾಗಿಲಲ್ಲೇ ತಡೆದು, "ನಿನ್ನೆಯಿಂದ ಗುರ್ತು ಸಿಗವಲ್ದರಿ. ಜಡ್ಡು ತಲಿಗೆ ಏರೈತಂತ," ಎಂದರು. ಈರಣ್ಣನವರು ದಿಂಬಿಗೆ ಒರಗಿದ್ದರು. ಕನ್ನಡಕ ಇರಲಿಲ್ಲ. ಅರಿಸಿನ ಹಚ್ಚಿದ ಹಾಗಿದ್ದ ಆ ಕಣ್ಣುಗಳನ್ನು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

ಮಂಚದ ಪಕ್ಕ ಹೋಗಿ ನಿಂತೆ. ನನ್ನನ್ನು ಯಾರೆಂದು ತಿಳಿದರೋ. ಎಡಗೈಯಿಂದ ಬಲತೋಳಿನ ಅಂಗಿಯನ್ನು ಮೊಣಕೈವರೆಗೆ ಮಡಚಿಕೊಂಡರು. ಅಷ್ಟು ಮಾಡುವುದಕ್ಕೇ ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಸರದಿಯಲ್ಲಿ ನಿಂತವರಂತೆ, ಬಲು ವಿನಯದಿಂದ, ತೋಳನ್ನು ನನ್ನ ಮುಂದೆ ಚಾಚಿದರು.

"ತಗೋರಿ ಸಾಹೇಬ್ರ," ಎಂದರು. "ಈ ಸಲ ನಂದಽ ತಗೋರಿ."

ನಾನು ಯಾರೆಂದು ಹೇಳಲಿಲ್ಲ. ಆ ತೋಳನ್ನು ಹಿಡಿದುಕೊಂಡು, ನೀಲಮ್ಮ ಬಂದು ಅಂಗಿ ಇಳಿಸುವವರೆಗೂ ನಿಂತಿದ್ದೆ.