ಹಗೇವಿನ ಮೇಲೆ ಕಟ್ಟಿದ ಎಮ್ಮೆ

ಹಳೆಯ ರಾಗಿಯ ಮೂಟೆ ಬಿಚ್ಚಿದಾಗ ಏಳುವ ಬೆಚ್ಚನೆಯ ಮಣ್ಣುವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಸೂಲಿಬೆಲೆಯ ನಮ್ಮ ಹಿತ್ತಲಲ್ಲಿ ಆರು ವರ್ಷದವಳಾಗಿ ನಿಂತಿರುತ್ತೇನೆ. ಅಲ್ಲಿ ನೆಲದೊಳಗೆ ನಮ್ಮ ಹಗೇವಿತ್ತು. ಕಂಡವರಿಗೆ ಗೊತ್ತು, ಗಡಿಗೆಯಂತೆ ಬಾಯಿ ಕಿರಿದಾದ ಆ ಆಳದ ಗುಂಡಿಯಲ್ಲಿ ತುಂಬಿ ಮುಚ್ಚಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ನನ್ನ ಅಜ್ಜಿ ಮುನಿಯಮ್ಮ ಯಾವಾಗ ಹುಟ್ಟಿದಳೆಂದು ಎಲ್ಲೂ ಬರೆದಿಲ್ಲ. ಪ್ಲೇಗಿಗೆ ಊರು ಬಿಟ್ಟಾಗ ಒಮ್ಮೆ ಹಗೇವು ತೆಗೆಸಿದಳು, ಮಗನ ಮದುವೆಗೆ ಒಮ್ಮೆ, ಎರಡನೇ ಮಹಾಯುದ್ಧದಲ್ಲಿ ಒಮ್ಮೆ. ಅವಳ ಚರಿತ್ರೆ ಅಷ್ಟೇ. ಮೂರನೆಯದಕ್ಕೆ ಕಾರಣ ಜರ್ಮನಿಯಲ್ಲ, ನಾನು.

ಯುದ್ಧದಿಂದ ಬರ್ಮಾದ ಅಕ್ಕಿ ನಿಂತು, ಸರ್ಕಾರ ರೈತರ ಮನೆಮನೆಯಿಂದ ರಾಗಿ ಎತ್ತುತ್ತಿತ್ತು. ಸುಗ್ಗಿಯವರೆಗೆ ನಮಗಿದ್ದದ್ದು ಹಗೇವಿನ ರಾಗಿಯೊಂದೇ. ಅಜ್ಜಿ ಅದರ ಬಾಯಿಯ ಚಪ್ಪಡಿಗೆ ಮಣ್ಣು ಮೆತ್ತಿ, ಹುಲ್ಲು ಹರಡಿ, ಮೇಲೆ ನಮ್ಮ ಗಬ್ಬದ ಎಮ್ಮೆಯನ್ನು ಕಟ್ಟಿದಳು. ಅಂದಿನಿಂದ ನನಗೆ ಊಟ ಸೇರಲಿಲ್ಲ. ಬಚ್ಚಿಟ್ಟ ರಾಗಿ ಹುಡುಕಲು ಬಂದ ಕಂದಾಯದ ಶೇಕ್‌ದಾರರು ಊರ ತಳವಾರನೊಂದಿಗೆ ಹಿತ್ತಲೆಲ್ಲ ನೋಡಿ, ಏನೂ ಕಾಣದೆ ಹೊರಟೇಬಿಟ್ಟಿದ್ದರು. ಅಷ್ಟರಲ್ಲಿ ಎಮ್ಮೆ ಕಾಲು ಮಡಚಿ ಧೊಪ್ಪನೆ ಮಲಗಿತು. ನಾನು ಕಿರುಚಿದೆ: "ಅಜ್ಜೀ, ಎಮ್ಮೆ ಹಗೇವೊಳಕ್ಕೆ ಬಿದ್ದೋಗ್ತದೆ!"

ಶೇಕ್‌ದಾರರು ತಿರುಗಿದರು. "ಏನಜ್ಜೀ, ಎಮ್ಮೆ ಕೆಳಗೇನಿದೆ?"

"ಇನ್ನೇನಿರ್ತದೆ ಸ್ವಾಮಿ, ಸಗಣಿ," ಎಂದಳು ಅಜ್ಜಿ. ತಳವಾರ ನಕ್ಕುಬಿಟ್ಟ. ಎಮ್ಮೆ ಎಬ್ಬಿಸಿ, ಚಪ್ಪಡಿ ಸರಿಸಿ ಅವನು ಇಳಿಯಹೊರಟಾಗ ರಟ್ಟೆ ಹಿಡಿದು ಎಳೆದವಳೂ ಅವಳೇ. "ಲೇ, ಸತ್ತೋಗ್ತೀಯ ಕಣೋ! ಒಳಗಿನ ಗಾಳಿ ಕೆಟ್ಟಿರ್ತದೆ. ಮೊದ್ಲು ದೀಪ ಬಿಡು." ಹಗ್ಗ ಕಟ್ಟಿ ಇಳಿಬಿಟ್ಟ ದೀಪ ಅರ್ಧದಲ್ಲೇ ಆರಿತು. ಶೇಕ್‌ದಾರರ ಮುಖ ಬಿಳಿಚಿತು. ಮಧ್ಯಾಹ್ನ ಕಳೆದ ಮೇಲೆ ದೀಪ ನಿಂತು ಉರಿಯಿತು, ರಾಗಿ ಮೇಲೆ ಬಂತು. ಅರ್ಧ ಅವರ ಗಾಡಿಗೆ ಹೋಯಿತು. ಇನ್ನರ್ಧವನ್ನು ಶೇಕ್‌ದಾರರು ಕಾಣದವರಂತೆ ಬಿಟ್ಟುಹೋದರು. ಸುಗ್ಗಿಯವರೆಗೆ ನಮ್ಮ ಮುದ್ದೆ ಸಣ್ಣದಾಯಿತು, ನಿಲ್ಲಲಿಲ್ಲ.

ಆ ಸಂಜೆ ಬೈಗುಳಕ್ಕೆ ಕಾದು ಮೂಲೆಯಲ್ಲಿ ಕೂತಿದ್ದೆ. ಅಜ್ಜಿ ಪಕ್ಕಕ್ಕೆ ಬಂದು ಕೂತಳು. "ಹೌದಲ್ಲ ಕಣೇ, ಗಬ್ಬದ ಎಮ್ಮೆ. ನಿಜವಾಗ್ಲೂ ಬಿದ್ದಿದ್ರೆ? ನಂಗ್ಯಾಕೆ ಹೊಳೀಲಿಲ್ಲ ಅದು!"

ನನ್ನ ಹೆದರಿಕೆಯನ್ನು ಸರಿಯೆಂದವಳು ಅವಳೊಬ್ಬಳೇ. ಇಂದಿಗೂ, ಮಳೆ ಬಂದೀತೆಂದು ಬಿಸಿಲಲ್ಲೂ ಮಕ್ಕಳ ಕೈಗೆ ಕೊಡೆ ತುರುಕಿ ನಗೆಗೀಡಾಗುವವಳು ನಾನು. ಯುದ್ಧದ ಪುಸ್ತಕಗಳಲ್ಲಿ ಬರ್ಮಾ ಸಿಕ್ಕಿತು, ರೇಷನ್ನು ಸಿಕ್ಕಿತು, ಮುನಿಯಮ್ಮ ಸಿಗಲಿಲ್ಲ. ಹಗೇವಿಗೆ ಎಂದೋ ಮಣ್ಣು ತುಂಬಿದರು. ಅದೀಗ ಬೇರೆಯವರ ಅಂಗಳ. ಈಚೆಗೆ ಹೋದಾಗ ಅಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ನೆಲ ಕುಸಿದೀತು ಎನ್ನಲು ಬಾಯಿ ತೆರೆದೆ. ಹೌದಲ್ಲ ಕಣೇ ಎನ್ನಲು ಯಾರೂ ಇರಲಿಲ್ಲ.