ಉಜ್ಜೋ ಮಷೀನಿಗೆ ನಾಲ್ಕನೇ ಕಾರಣ

ಆ ವರ್ಷ ಅನುಸೂಯಮ್ಮನಿಗೆ ಲೋಕದಲ್ಲಿ ಒಬ್ಬರ ಮೇಲೂ ನಂಬಿಕೆ ಉಳಿದಿರಲಿಲ್ಲ. ಗ್ಯಾಸಿನವನು ಸಿಲಿಂಡರನ್ನು ಅರ್ಧ ಖಾಲಿ ಮಾಡಿಕೊಂಡೇ ತರುತ್ತಾನೆ. ಇಲ್ಲದಿದ್ದರೆ ಒಲೆಯ ಮೇಲಿಟ್ಟ ನೀರು ಎಷ್ಟು ಹೊತ್ತಾದರೂ ಯಾಕೆ ಕಾಯುವುದಿಲ್ಲ? ಗ್ರಂಧಿಗೆ ಅಂಗಡಿಯವನು ಹತ್ತಿಗೆ ಏನೋ ಬೆರೆಸುತ್ತಾನೆ; ಇಲ್ಲದಿದ್ದರೆ ಹೂಬತ್ತಿಯ ತುದಿ ಯಾಕೆ ಮೊದಲಿನಂತೆ ಚೂಪಾಗಿ ಕೂಡುವುದಿಲ್ಲ? ಉಪ್ಪುಕಾಗದದವರಂತೂ ಕಾಗದಕ್ಕೆ ಮರಳು ಅಂಟಿಸುವುದನ್ನೇ ಬಿಟ್ಟಿದ್ದಾರೆ. ಮುಂಚೆ ಬೆರಳಿಗೆ ಚುರುಚುರು ಅನ್ನುತ್ತಿತ್ತು, ಈಗ ಹಳೇ ಸೀರೆ ಮುಟ್ಟಿದ ಹಾಗೆ.

“ಎಲ್ಲಾ ಮೋಸ ಕಣಮ್ಮಿ,” ಎಂದು ಸೊಸೆ ವೇಣಿಗೆ ಹೇಳುತ್ತಿದ್ದರು. ವೇಣಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದಳು. ಆ ಸುಮ್ಮನಾಗುವುದೂ ಅನುಸೂಯಮ್ಮನ ಕಣ್ಣಿಗೆ ಬಿದ್ದಿತ್ತು.

ಟಿ. ದಾಸರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅವರು ಆ ಮನೆಗೆ ಸೊಸೆಯಾಗಿ ಬಂದವರು. ಹೊಲ ಲೇಔಟಾಯಿತು, ದನದ ಕೊಟ್ಟಿಗೆ ಬಾಡಿಗೆ ಮನೆಯಾಯಿತು, ಆ ವರ್ಷದ ಹೊತ್ತಿಗೆ ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳೆದ್ದಿದ್ದವು, ರೈಲು ಮಾತ್ರ ಇನ್ನೂ ಬಂದಿರಲಿಲ್ಲ. ಗಂಡ ಚಿನ್ನಪ್ಪ ಮರಗೆಲಸ ಕಲಿತಿದ್ದರು. ಪೀಣ್ಯದ ಫ್ಯಾಕ್ಟರಿಗಳಿಗೆ ಹೊರದೇಶದಿಂದ ಮಷೀನುಗಳು ಬರುವುದು ದೊಡ್ಡ ದೊಡ್ಡ ಪೈನ್ ಮರದ ಪೆಟ್ಟಿಗೆಗಳಲ್ಲಿ. ಮಷೀನು ಒಳಗೆ ಹೋದ ಮೇಲೆ ಪೆಟ್ಟಿಗೆ ಗುಜರಿಗೆ. ಆ ಹಲಗೆ ತಂದು ಕುಯ್ದು ಚಿನ್ನಪ್ಪ ಸಣ್ಣ ಸಣ್ಣ ಉಡುಗೊರೆ ಪೆಟ್ಟಿಗೆ ಜೋಡಿಸುತ್ತಿದ್ದರು. ಉಜ್ಜುವುದು ಅನುಸೂಯಮ್ಮನ ಪಾಲು. ಉಜ್ಜಿ ಉಜ್ಜಿ, ಕೊನೆಗೆ ಹೆಬ್ಬೆರಳನ್ನು ಅಂಚಿನುದ್ದಕ್ಕೂ ಒಮ್ಮೆ ಎಳೆದು ಹೂಂ ಅಂದರೆ ಆ ಪೆಟ್ಟಿಗೆ ಮುಗಿದಂತೆ. “ಅನುಸೂ, ನಿನ್ನ ಹೆಬ್ಬೆರಳು ಒಪ್ಪಿದ್ರೆ ಲೋಕವೇ ಒಪ್ದಂಗೆ ಕಣೆ,” ಎನ್ನುತ್ತಿದ್ದರು ಚಿನ್ನಪ್ಪ.

ಅವರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ. ಫ್ಯಾಕ್ಟರಿಯ ಸ್ಟೋರ್ಸಿನಲ್ಲಿದ್ದ ಮಗ ಮುರಳಿ ಶಿಫ್ಟು ಮುಗಿಸಿ ಬಂದು ಹಲಗೆ ಕುಯ್ದು ಜೋಡಿಸುತ್ತಾನೆ. ವೇಣಿ ಪಾಲಿಶ್ ಹೊಡೆದು, ಹಿತ್ತಾಳೆ ಕೊಂಡಿ ಕೂರಿಸಿ, ಫೋನಿನಲ್ಲಿ ಗಿರಾಕಿಗಳನ್ನು ಹಿಡಿದು, ಮಾರತ್ತಹಳ್ಳಿಯ ಆಫೀಸುಗಳಿಗೆ ತಲುಪಿಸುತ್ತಾಳೆ. ದೀಪಾವಳಿಗೆ ಆ ಆಫೀಸಿನವರು ಅದರಲ್ಲಿ ಬಾದಾಮಿ, ದ್ರಾಕ್ಷಿ ತುಂಬಿ ಹಂಚುತ್ತಾರೆ. ನಡುವೆ ಉಜ್ಜುವ ಕೆಲಸ ಆಗಲೂ ಅನುಸೂಯಮ್ಮನದೇ.

ಹಾಗಿರುವಾಗ ಒಂದು ರಾತ್ರಿ ಊಟಕ್ಕೆ ಕೂತಾಗ ವೇಣಿ ಮೆಲ್ಲಗೆ ಮಾತು ತೆಗೆದಳು. “ರೀ, ಉಜ್ಜೋಕೆ ಒಂದು ಮಷೀನ್ ತಗೊಳ್ಳೋಣ್ವಾ?”

ಅನುಸೂಯಮ್ಮ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

“ಯಾಕೆ?” ಎಂದ ಮುರಳಿ. “ನಮ್ ಸ್ಟೋರ್ಸಲ್ಲಿ ಒಂದು ಸ್ಪ್ಯಾನರ್ ಬೇಕಂದ್ರೂ ಯಾಕೆ ಅಂತ ಕಾರಣ ಕೊಡ್ಬೇಕು. ಕೊಡು.”

“ಧೂಳು. ಮಗು ಇರೋ ಮನೆ.”

“ಮಷೀನಲ್ಲಿ ಧೂಳು ಇನ್ನೂ ಜಾಸ್ತಿ ಹಾರಲ್ವಾ?”

“ಅದಕ್ಕೊಂದು ಚೀಲ ಇರುತ್ತೆ, ಅದ್ರೊಳಗೆ ಹೋಗುತ್ತೆ. ಆಮೇಲೆ ಹಬ್ಬಕ್ಕೆ ಆರ್ಡರ್ ಜಾಸ್ತಿ ಇದೆ. ಪಾಲಿಶೂ ಚೆನ್ನಾಗಿ ಕೂರುತ್ತೆ.”

“ಈಗ ಏನು ಕೆಟ್ಟದಾಗಿ ಕೂತೈತೆ?” ಎಂದರು ಅನುಸೂಯಮ್ಮ.

ವೇಣಿ ಸಾರಿನ ಸೌಟು ಹಿಡಿದುಕೊಂಡು, “ಹಂಗಲ್ಲ ಅತ್ತೆ,” ಎಂದಳಷ್ಟೆ.

“ಎಲ್ಲಿ ಸಿಗುತ್ತೆ?” ಎಂದು ಮುರಳಿ ಕೇಳಿದ.

“ಜಾಲಹಳ್ಳಿ ಕ್ರಾಸಲ್ಲಿ. ಭಾನು ಅಂಗಡೀಲಿ.”

ಭಾನುಪ್ರಕಾಶ್ ವೇಣಿಯ ಚಿಕ್ಕಮ್ಮನ ಮಗ. “ಓಹೋ,” ಎಂದರು ಅನುಸೂಯಮ್ಮ. ಆ ಓಹೋದಲ್ಲಿ ಎಲ್ಲವೂ ಇತ್ತು. ಒಂದು ಸಾಮಾನಿಗೆ ಮೂರು ಕಾರಣ ಹೇಳುವವರು ನಾಲ್ಕನೆಯದನ್ನು ಸೆರಗಿನಲ್ಲಿ ಬಚ್ಚಿಟ್ಟಿರುತ್ತಾರೆ ಎಂಬುದು ಅವರ ಅನುಭವ. ತಮ್ಮನ ಅಂಗಡಿಗೆ ವ್ಯಾಪಾರ ಮಾಡಿಕೊಡುವುದೇ ಆ ನಾಲ್ಕನೆಯದು ಎಂದುಕೊಂಡರು. ಹಾಸಿಗೆಗೆ ಹೋದ ಮೇಲೆ ಅದಕ್ಕಿಂತ ಕೆಟ್ಟದ್ದು ಹೊಳೆಯಿತು. ಎದುರುಮನೆಗೆ ಗ್ರೈಂಡರ್ ಬಂದಾಗ ಒರಳುಕಲ್ಲು ಹಿತ್ತಲಿಗೆ ಹೋಗಿತ್ತು. ಸ್ವಲ್ಪ ದಿನಕ್ಕೆ ಆ ಮನೆಯ ಅತ್ತೆ ಟಿವಿ ಮುಂದೆ ಹೋಗಿ ಕೂತಳು. ಈಗ ಯಾರೂ ಅವಳನ್ನು ಏನೂ ಕೇಳುವುದಿಲ್ಲ, ಊಟ ಆಯ್ತಾ ಎಂಬುದೊಂದನ್ನು ಬಿಟ್ಟು. ಮಷೀನು ಬಂದರೆ ಈ ಮನೆಯಲ್ಲಿ ತನ್ನನ್ನು ಯಾರು ಏನು ಕೇಳುತ್ತಾರೆ?

ಅವತ್ತಿನಿಂದ ಅವರು ಸೊಸೆಯ ಮೇಲೆ ಕಣ್ಣಿಟ್ಟರು. ಕಣ್ಣಿಟ್ಟ ಮೇಲೆ ಕಾಣುವುದಕ್ಕೇನು ಕಡಿಮೆ? ಮೊಮ್ಮಗಳು ಚುಕ್ಕಿಗೆ ನೀರು ಹಾಕಲು ಅನುಸೂಯಮ್ಮ ಬಿಸಿನೀರು, ತಣ್ಣೀರು ಬೆರೆಸಿಟ್ಟು ಟವೆಲ್ ತರಲು ಒಳಗೆ ಹೋದರೆ, ವೇಣಿ ಬಂದು ಬಕೆಟ್ಟಿಗೆ ಕೈ ಅದ್ದಿ ಇನ್ನೊಂದು ಚೊಂಬು ತಣ್ಣೀರು ಸುರಿಯುತ್ತಾಳೆ. ಮುರಳಿಯನ್ನು ಹೆತ್ತು ಬೆಳೆಸಿದ ಕೈಗೆ ಮಗುವಿನ ನೀರಿನ ಹದ ಗೊತ್ತಿಲ್ಲವೇ? ಅದೂ ಕದ್ದುಮುಚ್ಚಿ ಯಾಕೆ? ಒಲೆಯಿಂದ ಹಾಲಿನ ಪಾತ್ರೆ ಇಳಿಸಲು ಹೋದರೆ ಓಡಿಬಂದು, “ಕೊಡಿ ಅತ್ತೆ, ನಾನ್ ಇಳಿಸ್ತೀನಿ,” ಎನ್ನುತ್ತಾಳೆ. ಇವತ್ತು ಹಾಲು, ನಾಳೆ ಪೆಟ್ಟಿಗೆ. ಒಂದೊಂದಾಗಿ ಕೈಯಿಂದ ಕಿತ್ತುಕೊಳ್ಳುವ ಲೆಕ್ಕಾಚಾರ.

ಇನ್ನೂ ಒಂದಿತ್ತು. ಸಂಜೆ ತಾವು ಉಜ್ಜಿ ಗೋಡೆಬದಿ ಜೋಡಿಸಿಟ್ಟ ಪೆಟ್ಟಿಗೆಗಳ ಸಾಲು ಮರುದಿನ ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಕೊಂಚ ಬೇರೆಯಾಗಿ ಕಾಣುತ್ತಿತ್ತು. ಇಟ್ಟಿದ್ದು ಹೀಗಲ್ಲ ಎಂದು ಅನ್ನಿಸುತ್ತಿತ್ತು. ಯಾವುದೋ ಮಷೀನಿನಲ್ಲಿ ಉಜ್ಜಿಸಿದ ಪೆಟ್ಟಿಗೆ ತಂದಿಟ್ಟು, ಗಂಡನಿಗೆ “ನೋಡಿ, ಎಷ್ಟು ನುಣುಪು” ಎಂದು ತೋರಿಸುವ ಉಪಾಯವಿರಬಹುದು! ಅನುಸೂಯಮ್ಮ ಮುರಳಿಯ ಪೆನ್ಸಿಲ್ ತಗೊಂಡು ಪ್ರತಿ ಮುಚ್ಚಳದ ಒಳಮೂಲೆಯಲ್ಲಿ ಸಣ್ಣದೊಂದು ಗೀಟು ಹಾಕಿದರು. ಮರುದಿನ ನಿದ್ದೆಯಿಂದೆದ್ದು ನೋಡಿದರೆ ಎಷ್ಟೋ ಪೆಟ್ಟಿಗೆಗಳಲ್ಲಿ ಗೀಟೇ ಇಲ್ಲ.

“ಸಿಕ್ಕಾಕ್ಕೊಂಡ್ಳು,” ಎಂದುಕೊಂಡರು.

ಮಾರನೇ ದಿನ ಬಾಗಲಗುಂಟೆಯ ನೆಂಟರ ಮನೆಗೆ ಹೋಗುತ್ತೇನೆಂದು ಮಧ್ಯಾಹ್ನ ಒಳ್ಳೆ ಸೀರೆ ಉಟ್ಟು ಹೊರಟರು. “ಆಟೋದಲ್ಲಿ ಹೋಗಿ ಅತ್ತೆ, ಬಿಸಿಲಿದೆ,” ಎಂದಳು ವೇಣಿ. ಕಳಿಸಲು ಎಷ್ಟು ಆತುರ! ಬೀದಿಯ ಕೊನೆಯ ಟೈಲರ್ ಅಂಗಡಿಯಲ್ಲಿ ನೀರು ಕುಡಿದು, ಹಿಂಬದಿಯ ಸಂದಿಯಿಂದ ಅವರು ಹಿತ್ತಲಿಗೆ ಬಂದು, ನೀರಿನ ತೊಟ್ಟಿಯ ಮರೆಯಲ್ಲಿ ನಿಂತರು.

ವೇಣಿ ಮೆಟ್ಟಿಲ ಮೇಲೆ ಕೂತಿದ್ದಳು. ಚುಕ್ಕಿ ಒಳಗೆ ಜೋಲಿಯಲ್ಲಿ ಮಲಗಿತ್ತು. ಜೋಲಿಯ ಹಗ್ಗದ ತುದಿ ವೇಣಿಯ ಕಾಲ್ಬೆರಳಿಗೆ ಸಿಕ್ಕಿತ್ತು. ಕಾಲಿನಲ್ಲಿ ತೂಗುತ್ತಾ, ಕೈಯಲ್ಲಿ ಉಪ್ಪುಕಾಗದ ಹಿಡಿದು ಅವಳು ಅನುಸೂಯಮ್ಮ ಉಜ್ಜಿ ಮುಗಿಸಿದ್ದ ಪೆಟ್ಟಿಗೆಯನ್ನೇ ಮತ್ತೆ ಉಜ್ಜುತ್ತಿದ್ದಳು. ಎಲ್ಲೂ ಮಷೀನಿಲ್ಲ. ಬೇರೆ ಪೆಟ್ಟಿಗೆಯೂ ಇಲ್ಲ. ಒಮ್ಮೆ ಕೈ ಝಾಡಿಸಿ, ಬೆರಳಿಗೆ ಚುಚ್ಚಿದ ಸಿಬರನ್ನು ಹಲ್ಲಿನಲ್ಲಿ ಕಿತ್ತು ಉಗಿದು, ಮತ್ತೆ ಬಗ್ಗಿದಳು.

ಅನುಸೂಯಮ್ಮನಿಗೆ ಮೈಯೆಲ್ಲ ಉರಿಯಿತು. ಹಿಡಿದು ಕೇಳಿಬಿಡಬೇಕೆಂದು ಒಂದು ಹೆಜ್ಜೆ ಇಟ್ಟವರು ತಡೆದುಕೊಂಡರು. ಇದನ್ನು ಮಗನ ಮುಂದೆಯೇ ಬಯಲಿಗೆಳೆಯಬೇಕು. ನನ್ನ ಕೆಲಸ ಸರಿಯಿಲ್ಲ ಅಂತ ಇವಳು ಉಜ್ಜುತ್ತಿದ್ದಾಳಲ್ಲ, ಸರಿಯಿದೆ ಅಂತ ತೋರಿಸಿಬಿಟ್ಟರೆ ಮಷೀನಿನ ಮಾತೇ ಮುಗಿಯಿತು.

ತೋರಿಸುವುದು ಹೇಗೆಂಬುದಕ್ಕೆ ಚಿನ್ನಪ್ಪ ನೆನಪಾದರು. ಮದುವೆಯಾದ ಹೊಸತರಲ್ಲಿ ಅವರು ಹೆಂಡತಿಯನ್ನು ಕೆಣಕಲು ದೇವರ ಮನೆಯಿಂದ ಒಂದೆಳೆ ಹತ್ತಿ ತಂದು ಉಜ್ಜಿದ ಪೆಟ್ಟಿಗೆಯ ಮೇಲೆ ಎಳೆಯುತ್ತಿದ್ದರು. ಸಿಬರಿದ್ದರೆ ಹತ್ತಿ ಕಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ಜಾರಿಹೋಗುತ್ತದೆ. ಅನುಸೂಯಮ್ಮನ ಪೆಟ್ಟಿಗೆಯಲ್ಲಿ ಹತ್ತಿ ಯಾವತ್ತೂ ನಿಂತದ್ದಿಲ್ಲ.

ಸಂಜೆ ಏನೂ ಆಗದವರಂತೆ ಮುಂಬಾಗಿಲಿನಿಂದ ಬಂದು, ಸೀರೆ ಬದಲಾಯಿಸಿ, ದೇವರ ಮನೆಯಲ್ಲಿ ಹೂಬತ್ತಿಯ ತಟ್ಟೆಯ ಮುಂದೆ ಕೂತರು. ವೇಣಿ ಇನ್ನೂ ಕೈ ಹಾಕದ ಪೆಟ್ಟಿಗೆಯೊಂದನ್ನು ಆರಿಸಿ ತಂದಿದ್ದರು. ಮುಚ್ಚಳದೊಳಗೆ ಪೆನ್ಸಿಲ್ ಗೀಟಿತ್ತು. ಹೆಬ್ಬೆರಳನ್ನು ಅಂಚಿನುದ್ದಕ್ಕೂ ಎಳೆದರು. ಗಾಜು! ಮುರಳಿಯ ಮುಂದೆ ಎಳೆಯುವ ಮೊದಲು ಒಮ್ಮೆ ತಾವೇ ನೋಡಿಬಿಡೋಣ ಎಂದು ಹತ್ತಿ ಎಳೆದರು.

ಹತ್ತಿ ಬರಲಿಲ್ಲ. ಅಂಚಿನುದ್ದಕ್ಕೂ ಬಿಳಿ ಕೂದಲಿನ ಹಾಗೆ ನಿಂತುಬಿಟ್ಟಿತು.

ಮೊದಲು ಹತ್ತಿಯನ್ನೇ ಬೈದರು. ಬೇರೆ ಉಂಡೆಯಿಂದ ಎಳೆ ತೆಗೆದರು. ಅದೂ ನಿಂತಿತು. ಎದ್ದು ಹೋಗಿ ಗೀಟು ಅಳಿಸಿಹೋಗಿದ್ದ ಒಂದು ಪೆಟ್ಟಿಗೆ ತಂದರು. ಅದರ ಮೇಲೆ ಅದೇ ಹತ್ತಿ ನೀರಿನ ಹಾಗೆ ಜಾರಿತು. ಎರಡನ್ನೂ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ಹೆಬ್ಬೆರಳಿನಲ್ಲಿ ಇದನ್ನೊಮ್ಮೆ ಅದನ್ನೊಮ್ಮೆ ಸವರಿದರು. ಎರಡೂ ಒಂದೇ. ಎರಡೂ ಹಳೇ ಸೀರೆಯ ಹಾಗೆ.

ಕಣ್ಣು ತೆರೆದಾಗ ಹೆಬ್ಬೆರಳ ತುದಿಯಲ್ಲಿ ಒಂದು ಸಿಬರು ನಿಂತಿತ್ತು. ಚುಚ್ಚಿದ್ದು ಗೊತ್ತೇ ಆಗಿರಲಿಲ್ಲ.

ಅವರು ಆ ಸಿಬರನ್ನು ಕಿತ್ತು ಹೂಬತ್ತಿಯ ತಟ್ಟೆಯ ಅಂಚಿಗಿಟ್ಟರು. ಹಾಗಾದರೆ ಹೂಬತ್ತಿ ಕೂಡದಿದ್ದದ್ದು ಹತ್ತಿಯಿಂದಲ್ಲ. ಉಪ್ಪುಕಾಗದದಲ್ಲಿ ಮರಳು ಇತ್ತು. ಒಲೆಯ ಮೇಲಿನ ನೀರು ಕಾದೇ ಇತ್ತು... ನೀರು! ಚುಕ್ಕಿಯ ಬಕೆಟ್ಟು ಕಣ್ಣ ಮುಂದೆ ಬಂತು. ಅದೆಂಥಾ ನೀರನ್ನು ಆ ಎಳೇ ಮೈಗೆ ಸುರಿಯಲು ಹೊರಟಿದ್ದೆ ನಾನು? ಒಂದು ಚೊಂಬು ತಣ್ಣೀರು ಕದ್ದು ಸುರಿದವಳ ಮೇಲೆ ಎಷ್ಟು ಕೋಪ ಮಾಡಿಕೊಂಡಿದ್ದೆ!

ರಾತ್ರಿ ಊಟಕ್ಕೆ ಕೂತಾಗ ಅನುಸೂಯಮ್ಮನೇ ಶುರು ಮಾಡಿದರು. “ಮುರಳಿ, ಆ ಮಷೀನಿಗೆ ಕಾರಣ ಬೇಕು ಅಂದ್ಯಲ್ಲ.”

“ಹೂಂ. ಧೂಳು, ಹಬ್ಬ, ಪಾಲಿಶು ಅಂದ್ಳಲ್ಲ. ಯಾವ್ದೂ ನಂಗೆ ಸರಿಹೋಗ್ಲಿಲ್ಲ.”

“ಸರಿಹೋಗಕ್ಕಿಲ್ಲ. ಅವೆಲ್ಲ ಸುಳ್ಳು.”

ವೇಣಿ ತಲೆ ಎತ್ತಿದಳು.

“ನಿಜವಾದ್ದು ನಾನ್ ಏಳ್ತೀನಿ, ಕೇಳ್ಸ್ಕೋ. ನಿಮ್ಮಮ್ಮನ ಬೆರಳು ಸತ್ತೋಗವೆ.”

ಮುರಳಿ ನಗಲು ಹೋಗಿ, ತಾಯಿ ಎಡಗೈಯಲ್ಲಿ ಮುಂದೆ ಸರಿಸಿದ ಎರಡು ಪೆಟ್ಟಿಗೆಗಳನ್ನು ಕಂಡು ನಗು ನಿಲ್ಲಿಸಿದ. ಒಂದರ ಅಂಚಿನಲ್ಲಿ ಹತ್ತಿ ಇನ್ನೂ ಕಚ್ಚಿಕೊಂಡಿತ್ತು. ವೇಣಿ ಮಾತ್ರ ಪೆಟ್ಟಿಗೆ ನೋಡಲಿಲ್ಲ, ಅತ್ತೆಯ ಮುಖ ನೋಡಿದಳು.

“ಯಾವತ್ತಿಂದ ಗೊತ್ತು ನಿಂಗೆ?” ಎಂದರು ಅನುಸೂಯಮ್ಮ.

“ಯುಗಾದಿ ಟೈಮಲ್ಲಿ. ಕುದಿಯೋ ಹಾಲಿನ ಪಾತ್ರೆ ಬರಿಗೈಲಿ ಇಳಿಸಿಬಿಟ್ರಿ ನೀವು. ಬೊಬ್ಬೆ ಬಂದಿತ್ತು, ನೀವು ಅದನ್ನ ಸೊಳ್ಳೆ ಅಂದ್ರಿ.”

“ಏಳಕ್ಕೇನಾಗಿತ್ತು?”

“ಹೇಳಿದ್ರೆ ನಂಬ್ತಿದ್ರಾ ಅತ್ತೆ? ಆ ಗ್ಯಾಸಿನವನನ್ನೇ ಬಿಟ್ಟಿಲ್ಲ ನೀವು.”

ಅನುಸೂಯಮ್ಮ ಯೋಚಿಸಿದರು. “ಇಲ್ಲ, ನಂಬ್ತಿರ್ನಿಲ್ಲ,” ಎಂದರು. ಆಮೇಲೆ, “ನಿನ್ ಕೈ ತೋರ್ಸು,” ಎಂದರು. ವೇಣಿಯ ಬೆರಳ ತುದಿಗಳೆಲ್ಲ ಸಿಬರು ಕಿತ್ತ ಕೆಂಪು ಚುಕ್ಕೆಗಳು. “ಮಗೀನ ಎತ್ಕೊಳ್ಳೋ ಕೈಯಾ ಇದು? ತಗೊಂಬಾ ಕಣೋ ಮುರಳಿ, ಆ ಮಷೀನ.”

ಮಷೀನಿಗಿಂತ ಮೊದಲು ಆದದ್ದು ಆಸ್ಪತ್ರೆ. ಸಕ್ಕರೆ ಕಾಯಿಲೆ ಯಾವಾಗಲೋ ಬಂದು ಒಳಗೊಳಗೇ ಕೂತಿತ್ತು ಎಂದರು ಡಾಕ್ಟರು. ಬೆರಳಿನ ಅರಿವು ಪೂರ್ತಿ ಮರಳುತ್ತದೆಂದು ಹೇಳಲಾರೆ, ಇನ್ನಷ್ಟು ಹೋಗದಂತೆ ನೋಡಿಕೊಳ್ಳೋಣ ಎಂದರು. “ರಕ್ತ ಅಷ್ಟೊಂದು ಯಾಕೆ ತಗೊಂಡ್ರು?” ಎಂದು ಅನುಸೂಯಮ್ಮ ಬಸ್ಸಿನಲ್ಲಿ ಮನೆವರೆಗೂ ಕೇಳುತ್ತಲೇ ಬಂದರು.

ಮಷೀನನ್ನು ಭಾನುಪ್ರಕಾಶನೇ ತಂದುಕೊಟ್ಟ. ಡಬ್ಬಿಯ ಮೇಲಿನ ಟೇಪನ್ನು ಅನುಸೂಯಮ್ಮ ಬೆಳಕಿಗೆ ಹಿಡಿದು ನೋಡಿದರು. “ಯಾರೋ ಬೇಡ ಅಂತ ವಾಪಸ್ ಕೊಟ್ಟಿದ್ದಲ್ವೇನೋ ಇದು?”

“ಅಯ್ಯೋ, ದೇವ್ರಾಣೆ ಹೊಸದು ಅತ್ತೆ!”

“ದೇವ್ರನ್ ಯಾಕೆ ಕರೀತೀಯ? ಸ್ವಿಚ್ ಆಕು.”

ಗುಂಯ್ಯೆಂದು ಮಷೀನು ಎದ್ದಿತು. ಚುಕ್ಕಿ ಹೆದರಿ ಅಜ್ಜಿಯ ಮಡಿಲಿಗೆ ಬಿತ್ತು. ವೇಣಿ ಎರಡೂ ಕೈಯಲ್ಲಿ ಹಿಡಿದು ಒಂದು ಪೆಟ್ಟಿಗೆಯ ಒಳಗೂ ಹೊರಗೂ ಓಡಿಸಿದಳು. ಅನುಸೂಯಮ್ಮ ಅರ್ಧ ಗಂಟೆ ಉಜ್ಜಿ ಮಾಡುತ್ತಿದ್ದ ಕೆಲಸ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಭಾನು ಪೆಟ್ಟಿಗೆಯನ್ನು ಸವರಿ, “ನೋಡಿ, ಬೆಣ್ಣೆ!” ಎಂದ.

“ಇರು,” ಎಂದರು ಅನುಸೂಯಮ್ಮ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹತ್ತಿಯಿಂದ ಒಂದೆಳೆ ತೆಗೆದು, ಬಾಗಿಲ ಬೆಳಕಿಗೆ ತಿರುಗಿ, ಮೇಲೆ ಎಳೆದರು. ಜಾರಿತು. ಪಕ್ಕ ಎಳೆದರು. ಜಾರಿತು. ಮುಚ್ಚಳ ತೆಗೆದು ಒಳಗೆ ಎಳೆದರು. ನಾಲ್ಕು ಮೂಲೆಯಲ್ಲೂ ಹತ್ತಿ ನಿಂತಿತು.

“ಮೂಲೆ ಬಿಟ್ಟೈತೆ ನಿನ್ ಬೆಣ್ಣೆ.”

“ದುಂಡನೆ ಮಷೀನು ಮೂಲೆಗೆ ಹೋಗಲ್ಲ ಅತ್ತೆ,” ಎಂದ ಭಾನು. “ಅಷ್ಟು ಕೈಯಲ್ಲೇ ಮಾಡ್ಕೋಬೇಕು.”

“ಇದನ್ನ ಅಂಗಡೀಲೇ ಯಾಕೆ ಏಳ್ಲಿಲ್ಲ?” ಎಂದು ಅನುಸೂಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. ವೇಣಿ ನಗು ತಡೆಯುತ್ತಾ ಉಪ್ಪುಕಾಗದ ಹರಿದು ಮೂಲೆಗಳಿಗೆ ಬೆರಳು ತೂರಿಸಿದಳು. ಉಜ್ಜಿ ಮುಗಿಸಿ, ಪೆಟ್ಟಿಗೆಯನ್ನು ಪಾಲಿಶ್ ಡಬ್ಬಿಯ ಪಕ್ಕ ಇಡಲು ಹೋದವಳು ಕೈ ಹಿಂದಕ್ಕೆ ತಂದು ಅತ್ತೆಯ ಮುಂದೆ ಹಿಡಿದಳು.

“ಆಯ್ತಾ ನೋಡಿ.”

ಅನುಸೂಯಮ್ಮ ಹೊಸ ಎಳೆ ತೆಗೆದು ಒಂದೊಂದೇ ಮೂಲೆಗೆ ಇಳಿಸಿದರು. ಮಡಿಲಲ್ಲಿದ್ದ ಚುಕ್ಕಿ ಹತ್ತಿಯುಂಡೆಗೆ ಕೈಹಾಕಿತು. ಮೂರು ಮೂಲೆ ಒಪ್ಪಿದವು. ನಾಲ್ಕನೆಯದರಲ್ಲಿ ಸಣ್ಣದೊಂದು ಬಿಳಿ ಎಳೆ ಉಳಿಯಿತು.

“ಇನ್ನೊಂದ್ಸಲ,” ಎಂದು ಪೆಟ್ಟಿಗೆಯನ್ನು ಸೊಸೆಯ ಕೈಗೇ ವಾಪಸ್ ಕೊಟ್ಟರು. “ಮುಗ್ಸಿ ಎದ್ ಬಾ. ಮಗೀಗೆ ನೀರ್ ಆಕ್ಬೇಕು, ನೀನು ಒಸಿ ಕೈ ಇಟ್ಟು ನೋಡು.”